ಒಂದು ಗಂಟೆಯ ಸೂತಕ

“ಮೊದಲು ಬೂಟು ಬಿಚ್ಚು,” ಎಂದ ಮಖ್ಲೂಫ್ ಮಾವ. “ಒಂದು ಗಂಟೆ ಕೂತ್ರೆ ಸಾಕು.”

ಉಝಿಯೇಲನ ಕೈಯಲ್ಲಿ ಇನ್ನೂ ಪೆಟ್ಟಿಗೆಯಿತ್ತು. ಟ್ಯೂನಿಸಿನ ಬಸ್ಸು ಇಳಿದು, ಜೆರ್ಬಾ ದ್ವೀಪದ ಮರಳುದಾರಿಯಲ್ಲಿ ನಡೆದು, ರಜೆಗೆಂದು ಮನೆಯ ಹೊಸ್ತಿಲು ದಾಟಿದ್ದನಷ್ಟೆ. ತಾಯಿ ಘಜಾಲಾ ಸತ್ತು ಮೂವತ್ತೊಂದು ದಿನವಾಯಿತೆಂದು ಮಾವ ಹೇಳಿ ನಿಮಿಷವೂ ಆಗಿರಲಿಲ್ಲ. ಬಾವಿಯ ಹಗ್ಗ ಹರಿಯಿತು ಅನ್ನುವ ಧಾಟಿಯಲ್ಲಿ ಹೇಳಿದ್ದ.

ಉಝಿಯೇಲ ಬಗ್ಗಿ ಬೂಟಿನ ಲಾಡಿ ಎಳೆದ. ಗಂಟು ಬಿಗಿಯಿತು.

ಮೊದಲು ಹೊಳೆದದ್ದು ತಾಯಿಯಲ್ಲ, ಮೂವತ್ತೊಂದು. ಮೂವತ್ತನೆಯ ದಿನ ತಿಳಿದಿದ್ದರೆ ಏಳು ದಿನದ ಸೂತಕ. ಒಂದು ದಿನ ದಾಟಿದರೆ ಅದು ದೂರದ ಸುದ್ದಿ. ದೂರದ ಸುದ್ದಿಗೆ ಒಂದೇ ಗಂಟೆ. ಈ ಶಾಸ್ತ್ರ ಅವನಿಗೆ ಬಾಯಿಪಾಠ. ಟ್ಯೂನಿಸಿನ ಯೆಹೂದಿ ಪಾಠಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇಂಥದ್ದನ್ನೇ ಕಲಿಸುತ್ತ ಬಂದವನು. ಸಾವಿಗಿಂತ ಮೊದಲು ಲೆಕ್ಕ ಹೊಳೆಯಿತಲ್ಲ ಎಂದು ಅಸಹ್ಯಪಟ್ಟುಕೊಳ್ಳಲು ನೋಡಿದ. ಅದೂ ಪೂರ್ತಿ ಬರಲಿಲ್ಲ.

ಮಾವ ಉಣ್ಣೆ ಹಿಂಜುವವನು; ಗಡ್ಡದಲ್ಲಿ ಯಾವಾಗಲೂ ಎರಡೆಳೆ ಬಿಳಿ ಉಣ್ಣೆ ಇರುತ್ತಿತ್ತು. ಸೊಂಟದ ಚಾಕು ತೆಗೆದು ಉಝಿಯೇಲನ ಅಂಗಿಯ ಎಡ ಅಂಚಿಗೆ ಒಂದು ಗೀರು ಹಾಕಿದ.

“ಹರಿ.”

ಹರಿದ. ಪಟ್ಟಣದ ಒಳ್ಳೆಯ ಬಟ್ಟೆ, ಶಬ್ದ ದೊಡ್ಡದಾಗಿ ಬಂತು.

“ಇನ್ನೂ ಕೆಳಗೆ. ಎದೆ ಕಾಣಬೇಕು.”

“ಸಾಕಲ್ಲ ಮಾವ?”

“ಬೇರೆಯವರಿಗಾದ್ರೆ ಸಾಕು. ತಾಯಿಗೆ ಸಾಕಾಗಲ್ಲ.”

ತಂಗಿ ತುರ್ಕಿಯಾ ಚಾಪೆ ಹಾಸಿದಳು. ಅವಳ ಕಣ್ಣು ಒಣಗಿದ್ದವು. ಅವಳ ಅಳು ಈ ಮನೆಯಲ್ಲೇ, ಅವನಿಲ್ಲದಾಗ, ಮುಗಿದುಹೋಗಿತ್ತು. ಮಾವ ಅಲಾರಂ ಗಡಿಯಾರಕ್ಕೆ ಕೀಲಿ ಕೊಟ್ಟು ನೆಲದ ಮೇಲಿಟ್ಟ. ಹತ್ತೂಕಾಲು.

ಉಝಿಯೇಲ ಗೋಡೆಗೆ ಒರಗಿ ಕೂತ. ದುಃಖ ಬರಲೆಂದು ಕಾದ. ಬಂದದ್ದು ಪಾಠ.

ಪ್ರತಿ ಚಳಿಗಾಲ ತರಗತಿಯಲ್ಲಿ ಅವನು ಒಂದು ಪ್ರಶ್ನೆ ಎತ್ತುತ್ತಿದ್ದ. ಕುಲದ ಮೂಲತಾಯಿ ರೆಬೆಕ್ಕಳ ಮುದಿ ದಾದಿ ಸತ್ತದ್ದನ್ನು ಧರ್ಮಗ್ರಂಥ ತೋರಾ ಬರೆಯುತ್ತದೆ. ಅವಳನ್ನು ಯಾವ ಮರದ ಬುಡದಲ್ಲಿ ಹೂತರು, ಆ ಮರಕ್ಕೆ ಏನೆಂದು ಹೆಸರಾಯಿತು, ಅದನ್ನೂ ಬರೆಯುತ್ತದೆ. ರೆಬೆಕ್ಕ ಸತ್ತದ್ದನ್ನು ಮಾತ್ರ ಬರೆಯುವುದಿಲ್ಲ. ಒಂದಕ್ಷರವೂ ದಂಡವಾಗದ ಗ್ರಂಥದಲ್ಲಿ ದಾದಿಯ ಸಾವಿಗೆ ಜಾಗವಿದೆ, ತಾಯಿಯ ಸಾವಿಗಿಲ್ಲ. ಯಾಕೆ?

ಹಿಂದಿನವರು ಉತ್ತರ ಹೇಳಿ ಹೋಗಿದ್ದಾರೆ. ಅವಳ ಹೆಣದ ಜೊತೆ ನಡೆಯುವವರು ಯಾರು? ಗಂಡ ಇಸಾಕ ಕುರುಡ, ಹೊಸ್ತಿಲು ದಾಟಲಾರ. ಕಿರಿಮಗ ಯಾಕೋಬ ದೂರದೇಶದಲ್ಲಿ. ಉಳಿದವನು ಹಿರಿಮಗ ಏಸಾವ, ದುಷ್ಟ. ಅವನೊಬ್ಬನೇ ಮುಂದೆ ನಡೆದರೆ, ಇಂಥವನಿಗೆ ಹಾಲೂಡಿದವಳು ಎಂದು ಊರು ಅವಳನ್ನೇ ಶಪಿಸುತ್ತದೆ. ಅದಕ್ಕೆ ಗುಟ್ಟಾಗಿ ಹೂತರು. ಜನ ಮುಚ್ಚಿಟ್ಟದ್ದನ್ನು ಗ್ರಂಥವೂ ಮುಚ್ಚಿಟ್ಟಿತು.

ಉಝಿಯೇಲ ಈ ಬಗ್ಗೆ ಒಂದು ಲೇಖನ ಬರೆದಿದ್ದ. ನಾಲ್ಕು ಜನ ಮೆಚ್ಚಿದ್ದರು. ಹನ್ನೊಂದು ಪುಟ ಏಸಾವನ ಮೇಲೆ. ದೂರದೇಶದ ಮಗನ ಮೇಲೆ ಒಂದು ಅಡಿಟಿಪ್ಪಣಿ: ‘ಅವನಿಗೆ ಬರಲಾಗಲಿಲ್ಲ.’

“ಯಾಕೆ ತಿಳಿಸಲಿಲ್ಲ ಮಾವ?”

“ತಿಳಿಸಲೇಬೇಕು ಅಂತ ಎಲ್ಲಿ ಬರೆದಿದೆ? ಓದಿದೋನು ನೀನು, ನೀನೇ ಹೇಳು.”

“ಶಾಸ್ತ್ರ ಕೇಳಲಿಲ್ಲ ನಾನು.”

“ನಿನಗೆ ಪರೀಕ್ಷೆ ಕಾಲ. ಏಳು ದಿನ ನೆಲ ಹಿಡಿದು ಕೂತ್ರೆ ಕೆಲಸ ಏನಾಗಬೇಕು? ಉಳಿಸಿಕೊಟ್ವಿ ಅಂದ್ಕೋ.”

“ಪ್ರಾರ್ಥನೆ? ಮಗ ಹೇಳಬೇಕಾದ್ದು?”

“ನಾನೇ ಹೇಳ್ದೆ, ದಿನಾ ಮೂರು ಹೊತ್ತು. ಇನ್ನು ನೀನು ಹೇಳು. ಹನ್ನೊಂದು ತಿಂಗಳಲ್ಲಿ ಹತ್ತು ಉಳಿದಿದೆ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತುರ್ಕಿಯಾ ಸೆರಗಿನ ಅಂಚು ಹಿಂಡಿದಳು. “ಅಮ್ಮನೇ ಬೇಡ ಅಂದ್ಲು ಅಣ್ಣ.”

“ಏನಂದ್ಲು? ಹಾಗೇ ಹೇಳು.”

“‘ಉಝಿಯೇಲನಿಗೆ ತಿಳಿಸಬೇಡಿ. ಒಂದು ತಿಂಗಳು ಕಳೀಲಿ.’ ಅಷ್ಟೇ.”

“ಯಾಕಂತೆ?”

“ಅದನ್ನ ಅವಳನ್ನೇ ಕೇಳಬೇಕಿತ್ತು.”

ಒಂದು ತಿಂಗಳು ಕಳೀಲಿ. ಅಕ್ಷರ ಬಾರದ ಹೆಂಗಸು ಶಾಸ್ತ್ರದ ಗಡಿಯನ್ನು ಇಷ್ಟು ಸರಿಯಾಗಿ ಹೇಗೆ ಹಿಡಿದಳು? ಮಗನಿಗೆ ಏಳು ದಿನದ ಕಷ್ಟ ತಪ್ಪಲಿ ಎಂದೇ? ಇಲ್ಲವೇ, ತನ್ನ ಹೆಸರಲ್ಲಿ ಅವನು ಏಳು ದಿನ ಕೂರುವುದು ಬೇಡವೆಂದೇ? ಉಝಿಯೇಲ ಎರಡು ಅರ್ಥಗಳನ್ನು ಎದುರುಬದುರು ಇಟ್ಟ, ಮೂರನೆಯದಕ್ಕೆ ಹುಡುಕಿದ. ಹುಡುಕುತ್ತ ಮೈ ಬೆಚ್ಚಗಾದದ್ದು ಗಮನಕ್ಕೆ ಬಂತು. ಬಿಡಿಸಲು ಒಳ್ಳೆಯ ಗಂಟೊಂದು ಸಿಕ್ಕಾಗ ತರಗತಿಯಲ್ಲಿ ಹೀಗೇ ಆಗುತ್ತಿತ್ತು. ಗಡಿಯಾರ ನೋಡಿದ. ಇಪ್ಪತ್ತೆರಡು ನಿಮಿಷ ಹೋಗಿತ್ತು.

ಪಕ್ಕದ ಮನೆಯ ಸಾಲ್ಹಾ ಬಂದಳು. ಮುಸ್ಲಿಮರ ಮುದುಕಿ, ಕಂಬಳಿ ನೇಯುವವಳು, ನಲವತ್ತು ವರ್ಷ ಘಜಾಲಾಳ ಜೊತೆ ಒಂದೇ ತೊಟ್ಟಿಯ ನೀರು ಸೇದಿದವಳು. ಬಟ್ಟಲಲ್ಲಿ ಬೇಯಿಸಿದ ಮೊಟ್ಟೆ, ಬಾರ್ಲಿ ರೊಟ್ಟಿ.

“ಒಂದು ಗಂಟೆ ಸೂತಕಕ್ಕೆ ಮೊಟ್ಟೆಯ ಊಟ ಇಲ್ಲ ಸಾಲ್ಹಾ,” ಎಂದ ಮಾವ.

“ಹೊಟ್ಟೆಗೆ ನಿನ್ನ ಗಡಿಯಾರ ಗೊತ್ತಿಲ್ಲ. ತಿನ್ನಲಿ ಬಿಡು.” ಅವಳು ಮೊಣಕಾಲು ಹಿಡಿದುಕೊಂಡು ಕೂತಳು. “ಸೊರಗಿದ್ದೀಯ ಮೇಷ್ಟ್ರೇ. ಪಟ್ಟಣದಲ್ಲಿ ಬರೀ ಕಾಗದ ಮೇಯ್ತೀಯೇನು?”

“ಸಾಲ್ಹಕ್ಕ, ಅಮ್ಮ ಯಾಕೆ ತಿಳಿಸಬೇಡಿ ಅಂದ್ಲು?”

“ಸಾಲ್ಹಕ್ಕ, ಸುಮ್ನಿರು,” ಎಂದಳು ತುರ್ಕಿಯಾ.

“ಯಾಕೆ ಸುಮ್ನಿರಲಿ? ನನ್ನ ಕೈ ಹಿಡ್ಕೊಂಡೇ ಅಂದದ್ದು.” ಮುದುಕಿ ಉಝಿಯೇಲನ ಕಡೆ ತಿರುಗಿದಳು. “ನಿಮ್ಮಪ್ಪ ಹೋದಾಗ ಮಣ್ಣು ಹಾಕಿ ಅವತ್ತೇ ಸಂಜೆ ಬಸ್ಸು ಹತ್ತಿದೆಯಲ್ಲ, ಒಂಬತ್ತು ವರ್ಷ ನೀರಿಗೆ ಹೋದಲ್ಲೆಲ್ಲ ಕೇರಿಯವರ ಬಾಯಲ್ಲಿ ನಿಮ್ಮಮ್ಮ ಅದನ್ನೇ ಕೇಳಿದ್ಲು ಪಾಪ. ‘ಈ ಸಲ ತಿಳಿಸಿದ್ರೂ ಅವನು ಬರಲ್ಲ ಸಾಲ್ಹಾ. ಬರಲಿಲ್ಲ ಅಂತ ಕೇರಿಗೆಲ್ಲ ಕಾಣುತ್ತೆ. ತಿಳಿಸದೇ ಇದ್ರೆ, ಬರದೇ ಇದ್ದದ್ದು ಅವನ ತಪ್ಪಾಗಲ್ಲ.’ ಹೀಗಂದ್ಲು.”

“ನಾನು ಬರ್ತಿದ್ದೆ,” ಎಂದ ಉಝಿಯೇಲ.

ತುರ್ಕಿಯಾ ಒಂದು ಮೊಟ್ಟೆ ಎತ್ತಿಕೊಂಡು ಸಿಪ್ಪೆ ಬಿಡಿಸತೊಡಗಿದಳು. ಚೂರುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಕೂಡಿಸಿಕೊಂಡಳು.

“ಕಾಗದ ಹಾಕಿದ್ದೆ ಅಣ್ಣ,” ಎಂದಳು ಕೊನೆಗೆ. “ಅವಳು ಊಟ ಬಿಟ್ಟ ದಿನ. ಅವಳೇ ಹೇಳಿ ಬರೆಸಿದ್ದು, ಒಂದು ಸಲ ಬಂದು ಹೋಗು ಅಂತ. ಎಂಟು ದಿನ ಬೀದಿ ಬಾಗಿಲು ಮುಚ್ಚೋಕೆ ಬಿಡಲಿಲ್ಲ, ಮರಳು ಗಾಳೀಲೂ. ಒಂಬತ್ತನೇ ದಿನ, ಮುಚ್ಚು ಸಾಕು ಅಂದ್ಲು. ತಿಳಿಸಬೇಡಿ ಅಂದದ್ದು ಅದಾದ ಮೇಲೆ.” ಮೊಟ್ಟೆಯನ್ನು ಅವನ ಮುಂದಿಟ್ಟಳು. “ಸಿಕ್ತಾ ಕಾಗದ?”

ಸಿಕ್ಕಿತ್ತು. ಮೆಟ್ಟಿಲ ಮೇಲೆ ನಿಂತೇ ಓದಿದ್ದ. ಅಮ್ಮನ ನಿಶ್ಶಕ್ತಿ ಪ್ರತಿ ವರ್ಷವೂ ಕಾಗದದಲ್ಲಿ ಬರುತ್ತಿದ್ದದ್ದೇ. ಪರೀಕ್ಷೆ ಮುಗಿಯಲಿ, ಹೇಗೂ ರಜೆಗೆ ಹೋಗುತ್ತೇನಲ್ಲ ಎಂದುಕೊಂಡ. ಆಗ ಓದುತ್ತಿದ್ದ ಪುಸ್ತಕದಲ್ಲಿ ಪುಟ ಗುರುತಿಗೆ ಅದನ್ನಿಟ್ಟ. ಈಗಲೂ ಅದು ಅಲ್ಲೇ, ಮೇಜಿನ ಮೇಲೆ, ಅರ್ಧ ಹೊರಗೆ ಕಾಣುತ್ತ ಇರಬೇಕು.

“ಯಾವ ಕಾಗದ?” ಎಂದ.

“ಅದೇ, ನಾನಂದಿದ್ದೆ,” ಎಂದು ಮಾವ ತಟ್ಟನೆ ಬಾಯಿ ಹಾಕಿದ. “ಕಾಗದ ಅಂದ್ರೆ ಹತ್ತು ಕೈ ದಾಟಬೇಕು. ಎಲ್ಲೋ ಬಿದ್ದುಹೋಗಿರುತ್ತೆ.”

“ಬಿದ್ದಿರುತ್ತೆ,” ಎಂದಳು ಸಾಲ್ಹಾ, ಅವನ ಮುಖ ನೋಡದೆ.

“ಹೌದು, ಹಾಗೇ ಆಗಿರಬೇಕು,” ಎಂದಳು ತುರ್ಕಿಯಾ.

ಮೂವರೂ ಎಷ್ಟು ಬೇಗ ಒಪ್ಪಿದರು. ಗಾಳಿಗೆ ಹಾರುವ ದುಪ್ಪಟಿಯ ಒಂದೊಂದು ಮೂಲೆ ಹಿಡಿದವರಂತೆ ಕಂಡರು. ಅವರಿಗೆ ಗೊತ್ತಿದೆ ಎಂದು ಅವನಿಗೆ ತಿಳಿಯಿತು. ಅವನಿಗೆ ತಿಳಿಯಿತೆಂಬುದೂ ಅವರಿಗೆ ತಿಳಿದಿರಬೇಕು.

ಇನ್ನು ಹದಿಮೂರು ನಿಮಿಷ. ಇಷ್ಟರಲ್ಲಾದರೂ ಅಳಬೇಕು. ಕಣ್ಣು ಮುಚ್ಚಿ ಅಮ್ಮನ ಮುಖ ತಂದುಕೊಳ್ಳಲು ನೋಡಿದ. ಬಂದದ್ದು ಬೆನ್ನು: ತೊಟ್ಟಿಯ ಮೇಲೆ ಬಗ್ಗಿ ನೀರೆತ್ತುವ ಬೆನ್ನು. ಅದು ತಿರುಗಲಿ ಎಂದು ಕಾದ. ತಿರುಗಲಿಲ್ಲ. ಹಸಿವಾಗಿತ್ತು, ಮೊಟ್ಟೆ ತಿಂದ. ಇನ್ನೊಂದನ್ನೂ ತಿಂದ.

ಅಲಾರಂ ಹೊಡೆಯಿತು. ಮಾವ ಅದರ ತಲೆ ಅದುಮಿದ.

“ಏಳು. ಬೂಟು ಹಾಕ್ಕೋ. ಮುಗೀತು.”

ಮಧ್ಯಾಹ್ನಕ್ಕೆ ಮಾವ, ಉಝಿಯೇಲ, ತುರ್ಕಿಯಾ ಸ್ಮಶಾನದ ಕಡೆ ಹೊರಟರು. ಆಲಿವ್ ಮರಗಳ ನಡುವಿನ ದಾರಿ. ಬಿಸಿಲಿಗೆ ಮಣ್ಣು ಬೂದಿಯಾಗಿತ್ತು. ಮಾವ ಆ ವರ್ಷದ ಉಣ್ಣೆಯ ಮಾತಾಡಿದ, ತೊಟ್ಟಿ ಬಿರುಕು ಬಿಟ್ಟ ಮಾತಾಡಿದ.

“ಅಮ್ಮನ್ನ ಮಣ್ಣಿಗಿಳಿಸಿದೋರು ಯಾರು?” ಎಂದು ಉಝಿಯೇಲ ಕೇಳಿದ.

“ದೊಡ್ಡ ಕೇರಿಯಿಂದ ಏಳು ಜನ ಬಂದ್ರು, ಒಳ್ಳೆಯವರು. ನಮ್ಮದು ಎಲ್ಲಾ ಪುರೋಹಿತ ವಂಶದ ಕೇರಿ, ಗಂಡಸರಿಗೆ ಹೆಣದ ಮೈಲಿಗೆ ತಾಗಬಾರದು, ಗೋರಿ ಹತ್ತಿರ ಸುಳಿಯೋ ಹಾಗಿಲ್ಲವಲ್ಲ. ಗೋಡೆ ಹೊರಗೆ ನಿಂತ್ವಿ. ನಾನೂ ಅಷ್ಟೇ, ಮದುವೆಯಾಗಿ ಹೋದವಳಿಗೆ ಒಡಹುಟ್ಟಿದವನೂ ಹೊರಗಿನವನೇ ಅಲ್ಲವಾ. ಹೆತ್ತ ಮಗನಿಗೊಬ್ಬನಿಗೆ ಆ ದಿನ ಒಳಗೆ...” ಮಾವ ಅಲ್ಲಿಗೇ ನಿಲ್ಲಿಸಿ ಕೆಮ್ಮಿದ.

ಹೇಳಬೇಕಾಗಿರಲಿಲ್ಲ. ಅಪ್ಪನ ಜೊತೆ ಗುಂಡಿಯವರೆಗೂ ಹೋದವನು ಅವನು. ಹೆತ್ತವರ ಮಣ್ಣು ಮುಚ್ಚುವವರೆಗೆ ಮಗನಿಗೆ ದಾರಿಯಿದೆ. ಮುಚ್ಚಿದ ಮೇಲೆ ಅವನೂ ಉಳಿದವರಂತೆ ಹೊರಗಿನವನು, ಸಾಯುವವರೆಗೆ. ಅಂದು ಗುಂಡಿಯವರೆಗೆ ಘಜಾಲಾಳ ಜೊತೆ ನಡೆಯಲು ಹಕ್ಕಿದ್ದ ಅವಳ ಕಡೆಯ ಗಂಡಸು ಲೋಕದಲ್ಲಿ ಒಬ್ಬನೇ ಇದ್ದ.

ಗೋಡೆ ಮೊಣಕಾಲೆತ್ತರ. ಅದರಿಂದ ನಾಲ್ಕು ಮೊಳ ದೂರದಲ್ಲಿ ಮಾವ ನಿಂತ. ಅವನ ಪಕ್ಕ ಉಝಿಯೇಲ. ಹೆಂಗಸರಿಗೆ ಆ ಕಟ್ಟಿಲ್ಲ. ತುರ್ಕಿಯಾ ಗೋಡೆ ದಾಟಿ ಒಳಗೆ ನಡೆದಳು.

ವರ್ಷ ತುಂಬುವವರೆಗೆ ಗೋರಿಗೆ ಹೆಸರು ಕೆತ್ತುವುದಿಲ್ಲ. ಕಳೆದ ವಾರವಷ್ಟೇ ಯಾರೋ ಪೂರ್ತಿ ಸಾಲಿಗೆ ಹೊಸ ಸುಣ್ಣ ಬಳಿದಿದ್ದರು. ಉದ್ದಕ್ಕೂ ಒಂದೇ ಬಿಳುಪು, ಕಣ್ಣಿಗೆ ಹೊಡೆಯುವ ಬಿಳುಪು, ಅದರ ಮೇಲೆ ಬಿಸಿಲಿನ ಝಳ. ತುರ್ಕಿಯಾ ದೂರದಲ್ಲಿ ಒಂದು ಕಡ್ಡಿಯಷ್ಟಾಗಿ ನಿಂತು ಕೈಯೆತ್ತಿದಳು. ಅವಳ ಸುತ್ತ ಮೂರು ದಿಬ್ಬಗಳಿದ್ದವು, ಅಥವಾ ನಾಲ್ಕು.

“ಕಂಡಿತಾ?” ಎಂದ ಮಾವ.

“ಕಂಡಿತು.”

ಉಝಿಯೇಲ ಎರಡು ಕಣ್ಣನ್ನೂ ಕಿರಿದು ಮಾಡಿ ಹೌದೆಂದು ತಲೆಯಾಡಿಸಿದ. ತುರ್ಕಿಯಾ ಕೈಯಿಳಿಸಿದಳು. ಬಗ್ಗಿ ನೆಲ ನೋಡಿದಳು, ಹಿಂದಿರುಗಿ ಸಾಲು ನೋಡಿದಳು, ಎರಡು ದಿಬ್ಬ ದಾಟಿ ಇನ್ನೊಂದರ ಹತ್ತಿರ ಹೋಗಿ ನಿಂತು ಮತ್ತೆ ಕೈಯೆತ್ತಿದಳು.

ಅದಕ್ಕೂ ಅವನು ತಲೆಯಾಡಿಸಿದ.