ಕಾರ್ಡಿಗೊಂದು ಅಂಗಿ

ನಮ್ಮ ಹೊನ್ನವಳ್ಳಿಯಲ್ಲಿ ಕಾರ್ಡು ಅಂದರೆ ಒಂದು ರೇಷನ್ ಕಾರ್ಡು, ಇಲ್ಲದಿದ್ದರೆ ಇಸ್ಪೀಟು. ನಾನೂ ಮಲ್ಲೇಶನೂ ಆಡುತ್ತಿದ್ದದ್ದು ಎರಡೂ ಅಲ್ಲ. ನಮ್ಮ ಕಾರ್ಡುಗಳಲ್ಲಿ ಒಂದೊಂದು ಮೃಗ, ಅದಕ್ಕೊಂದು ಬಲ. ಪ್ಯಾಕೆಟ್ ಕೊಂಡು, ಒಬ್ಬರಿಗೊಬ್ಬರು ಬದಲಾಯಿಸಿಕೊಂಡು, ತನ್ನದೇ ಒಂದು ಕಟ್ಟು ಮಾಡಿಕೊಳ್ಳಬೇಕು. ಕೈಯಲ್ಲಿರುವ ಕಾರ್ಡಿನ ಮುಖ ನಮಗೆ, ಬೆನ್ನು ಎದುರಿನವನಿಗೆ. ಎದುರಿನವನ ಹತ್ತಿರ ಏನಿದೆ ಅಂತ ಊಹಿಸುವುದೇ ಆಟ. ಇಷ್ಟನ್ನು ಊರವರಿಗೆ ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ಮದುವೆಯಿಲ್ಲದ, ಐವತ್ತರ ಹತ್ತಿರದ ಗಂಡಸು ಹುಲಿ, ಹದ್ದು ಹಿಡಿದುಕೊಂಡು ಜಗಲಿಯಲ್ಲಿ ಕೂತರೆ ಜನ ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಯಿತು?

ಮಲ್ಲೇಶ ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ನೋಡಿ ದರ್ಜೆ ಹೇಳುವವನು. ಉಂಡೆಯ ಮೇಲಿನ ಒಂದು ಕಲೆ ನೋಡಿ, ಇದು ಸೋರಿದ ಅಟ್ಟದ್ದು, ಇದು ಹೊಗೆ ಹೆಚ್ಚಾದ ಅಟ್ಟದ್ದು ಅನ್ನುತ್ತಿದ್ದ. ನಾನು ಅದೇ ಕೊಬ್ಬರಿಯನ್ನು ಚಿಪ್ಪಿನಿಂದ ಬಿಡಿಸುವವನು. ಎಷ್ಟು ಸೋಪು ಹಚ್ಚಿದರೂ ನನ್ನ ಬೆರಳಿನ ಎಣ್ಣೆ ಹೋಗುವುದಿಲ್ಲ. ಭಾನುವಾರ ಮಧ್ಯಾಹ್ನ ಅವನು ಸ್ಕೂಟರಿನಲ್ಲಿ ನಮ್ಮನೆಗೆ ಬಂದರೆ ಸಂಜೆಯವರೆಗೂ ಆಟ. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಹೆಚ್ಚಾಗಿ ನಾನೇ ಗೆಲ್ಲುತ್ತಿದ್ದೆ. ಅಮ್ಮ ತೀರಿಕೊಂಡ ತಿಂಗಳಲ್ಲಂತೂ ಒಂದು ಆಟವೂ ಸೋಲಲಿಲ್ಲ. ದುಃಖ ಬುದ್ಧಿಯನ್ನು ಚುರುಕು ಮಾಡುತ್ತದೆ ಅಂದುಕೊಂಡೆ. ನಾನು ತೀರಾ ಜಂಭ ಕೊಚ್ಚಿಕೊಂಡ ಭಾನುವಾರ ಮಾತ್ರ ಅವನು ನನ್ನ ನೀರಿಳಿಸುತ್ತಿದ್ದ.

ಒಮ್ಮೆ ಅವನು ಕಾರ್ಡಿಗೆ ಹಾಕುವ, ಮುಖ ಕಾಣುವಂತೆ ಬೆನ್ನು ಮುಚ್ಚುವ ಕಪ್ಪು ಕವರುಗಳನ್ನು ತಂದ. ತನ್ನವಕ್ಕೆ ಹಾಕಿಕೊಂಡು, ನನ್ನ ಮುಂದೆಯೂ ಒಂದು ಪ್ಯಾಕೆಟ್ ಇಟ್ಟ.

“ನಿಂದು ಎಣ್ಣೆ ಕೈ ಕಣ್ಲಾ ಸೂರಿ. ಹಾಕ್ಕೋ.”

“ಕಾರ್ಡಿಗೂ ಅಂಗಿ ತೊಡಿಸ್ಬೇಕೇನ್ಲಾ? ಆ ಶೋಕಿ ನಿಂಗೇ ಇರ್ಲಿ.”

“ಬುಡು ಹಂಗಾದ್ರೆ,” ಅಂತ ನಕ್ಕು ಪ್ಯಾಕೆಟ್ಟನ್ನು ಜೇಬಿಗೆ ಹಾಕಿಕೊಂಡ.

ಹೋದ ವರ್ಷ ಮಲ್ಲೇಶ ಮಂಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ. ಶಿವಗಣಾರಾಧನೆ ಮುಗಿದ ಮೇಲೆ ಅವನ ಹೆಂಡತಿ ಜೀವಿತಾ ಅವನ ಕಟ್ಟನ್ನು ತಂದು, “ಇದು ನಮ್ಗ್ಯಾರ್ಗೂ ಬರಲ್ಲಣ್ಣ, ನೀವೇ ಇಟ್ಕಳಿ,” ಅಂದರು.

ಎರಡೂ ಕಟ್ಟು ಹರಡಿಕೊಂಡು ಎರಡೂ ಕಡೆ ನಾನೇ ಆಡಿ ನೋಡಿದೆ. ಎರಡೂ ಕೈ ಗೊತ್ತಿರುವಾಗ ಆಟ ಎಲ್ಲಿಂದ ಬರಬೇಕು? ಯಾರು ಗೆಲ್ಲಬೇಕು ಅಂತಲೂ ನಾನೇ ತೀರ್ಮಾನ ಮಾಡಬೇಕು. ಮೂರು ಭಾನುವಾರಕ್ಕೆ ಬೇಸತ್ತು ಎತ್ತಿಟ್ಟೆ. ಆದರೂ ಸ್ಕೂಟರಿನ ಸದ್ದು ಕೇಳಿದರೆ ಎದ್ದು ಬಾಗಿಲಿಗೆ ಬರುತ್ತಿದ್ದೆ. ಬೇರೆ ಯಾರೋ ಹೋಗುತ್ತಿದ್ದರು. ಆ ಹೊತ್ತು ಕಳೆಯುವುದು ಬಹಳ ಕಷ್ಟ. ನನಗೆ ಎದುರಿಗೆ ಕೂರುವವನು ಒಬ್ಬ ಬೇಕಿತ್ತು, ಒಬ್ಬನೇ ಒಬ್ಬ.

ತುಮಕೂರಿನ ಒಂದು ಅಂಗಡಿಯ ಮಹಡಿಯಲ್ಲಿ ಇದೇ ಆಟದ ಪಂದ್ಯವಿದೆ ಅಂತ ಮೊಬೈಲಿನಲ್ಲಿ ನೋಡಿ, ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದೆ. ಅಲ್ಲಿ ಮೀಸೆ ನರೆತವನು ನಾನೊಬ್ಬನೇ. ತೀರ್ಪು ಕೊಡಲು ಕೂತಿದ್ದ ಲಿಖಿತಾ ಅನ್ನುವ ಹುಡುಗಿ ನನ್ನ ಕಟ್ಟನ್ನು ಬೋರಲು ಹಾಕಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು.

“ಬೇಜಾರ್ ಮಾಡ್ಕೋಬೇಡಿ ಸರ್, ಇದನ್ನ ಹೀಗೇ ಆಡೋಕೆ ಬಿಡೋ ಹಾಗಿಲ್ಲ. ಒಂದೊಂದರ ಬೆನ್ನ ಮೇಲೂ ಒಂದೊಂದ್ ಥರ ಎಣ್ಣೆ ಕಲೆ ಇದೆ. ನಾಲ್ಕು ದಿನ ಆಡಿದೋರಿಗೆ ಯಾವ್ದು ಯಾವ ಕಾರ್ಡು ಅಂತ ಗೊತ್ತಾಗ್ಬಿಡುತ್ತೆ.”

ಹೌದು, ಒಂದರ ಮೂಲೆಯಲ್ಲಿ ಬೆರಳಿನ ಗುರುತು, ಇನ್ನೊಂದರ ನಡುವೆ ಅಗಲ ಕಲೆ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಇಷ್ಟು ವರ್ಷ ನಾನು ಬರೀ ಮುಖ ನೋಡಿಕೊಂಡು ಕೂತಿದ್ದೆ.

ಅವಳೇ ಕಪ್ಪು ಕವರು ಕೊಟ್ಟಳು. ಹಾಕಿಕೊಂಡು ಆಡಿದೆ, ಸೋತೆ. ಎದುರಿಗಿದ್ದ ಜ್ಞಾನೇಶ್ ಒಳ್ಳೆಯ ಮನುಷ್ಯ. ಕೈ ಕುಲುಕಿ, ಮುಂದಿನ ತಿಂಗಳೂ ಬನ್ನಿ ಅಂದ. ನನ್ನ ತಲೆ ಅಲ್ಲಿರಲಿಲ್ಲ.

ವಾಪಸು ಬರುವಾಗ ಗುಬ್ಬಿ ದಾಟುವವರೆಗೂ ಮಲ್ಲೇಶನನ್ನು ಮನಸ್ಸಿನಲ್ಲೇ ಬೈದೆ. ಕಳ್ಳ ಮುಂಡೇಮಗನೇ, ಕೊಬ್ಬರಿಯ ಕಲೆ ಓದುವವನಿಗೆ ಇದು ಕಾಣದೆ ಇರುತ್ತದೆಯೇ? ನನ್ನ ಕೈ ಪೂರಾ ನೋಡಿಕೊಂಡೇ ಆಡಿದೆಯಲ್ಲೋ!

ನಿಟ್ಟೂರು ಬರುವ ಹೊತ್ತಿಗೆ ಬೈಗುಳ ನಿಂತಿತು. ಹಾಗೆ ನೋಡಿಕೊಂಡು ಆಡಿದ್ದರೆ ಅವನೇ ಗೆಲ್ಲಬೇಕಿತ್ತಲ್ಲ? ಗೆದ್ದದ್ದು ನಾನು. ಅಮ್ಮ ಹೋದ ತಿಂಗಳು ಪೂರ್ತಿ ಗೆದ್ದದ್ದು ನಾನು. ಕವರು ತಂದುಕೊಟ್ಟವನು ಅವನು, ಬೇಡ ಅಂದವನು ನಾನು.

ಅವನಿಗೆ ತನ್ನ ಕೈಯೂ ಗೊತ್ತಿತ್ತು, ನನ್ನ ಕೈಯೂ ಗೊತ್ತಿತ್ತು. ಯಾರು ಗೆಲ್ಲಬೇಕು ಅಂತ ಅವನೇ ತೀರ್ಮಾನ ಮಾಡುತ್ತಿದ್ದ. ನಾನು ಮೂರು ಭಾನುವಾರಕ್ಕೆ ಬೇಸತ್ತು ಎತ್ತಿಟ್ಟ ಆಟವನ್ನೇ ಅವನು ವರ್ಷಗಟ್ಟಲೆ, ಬಿಸಿಲಲ್ಲಿ ತಿಪಟೂರಿನಿಂದ ಸ್ಕೂಟರು ಓಡಿಸಿಕೊಂಡು ಬಂದು ಆಡಿದ್ದ. ಅದರಲ್ಲಿ ಅವನಿಗೆ ಆಟ ಎಲ್ಲಿತ್ತು? ಜಗಲಿಯಲ್ಲಿ ನಾನೊಬ್ಬ ಕಾಯುತ್ತಿದ್ದೆ, ಅಷ್ಟೇ.

ಕಣ್ಣೊರೆಸಿಕೊಳ್ಳುವುದನ್ನು ಪಕ್ಕದ ಸೀಟಿನ ಮುದುಕಿ ನೋಡಿಬಿಟ್ಟಳು.

“ಯಾಕಪ್ಪ, ಏನಾಯ್ತು?”

“ಆಟದಲ್ಲಿ ಸೋತೆ ಕಣವ್ವ.”

“ಅಷ್ಟಕ್ಕೇ ಅಳ್ತಾರಾ? ಬುಡು, ಮುಂದಿನ್ ಸಲ ಗೆಲ್ತೀಯ.”

“ಇಲ್ಲ ಕಣವ್ವ,” ಅಂದೆ. “ಗೆಲ್ಸೋನು ಹೋದ.”