ಸಲೂನಿನಿಂದ ಬಂದ ಫೋನು

ಗಂಡನಿಗೆ ವರ್ಗವಾಗಿ ಅವಳು ಹೊಸ ಊರಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವ ಕೆಲಸ ಸಿಕ್ಕಿತ್ತು. ಲಾರಿ ಓಡಿಸಿ ಸಾಕಾಗಿ ಕೂತಿದ್ದ ಅಪ್ಪನನ್ನೂ ಜೊತೆಗೇ ಕರೆತಂದಿದ್ದಳು.

ಅಪ್ಪ ಒಂದು ಕಾಲಕ್ಕೆ ಮಹಾ ಕುಡುಕ. ಅವರು ಬಿಟ್ಟುಬಂದ ಊರಲ್ಲಿ ಕುಡಿಯುವ ಅಂಗಡಿಗೇ ಸಲೂನ್ ಅನ್ನುತ್ತಿದ್ದರು. "ನಿಮ್ಮಪ್ಪ ಸಲೂನಲ್ಲಿ ಬಿದ್ದಿರ್ತಾನೆ, ಎಬ್ಬಿಸ್ಕೊಂಡು ಬಾ" ಎಂದು ಅಮ್ಮ ಅಟ್ಟಿದಾಗಲೆಲ್ಲ ಅವಳು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ಅಮ್ಮ ಸತ್ತ ಮೇಲೆ ಅಪ್ಪ ಒಂದು ತೊಟ್ಟೂ ಮುಟ್ಟಿರಲಿಲ್ಲ. ಆದರೂ ಅವಳಿಗೆ ಒಳಗೊಳಗೇ ಅನುಮಾನ. ನಾಯಿ ಬಾಲ ನೆಟ್ಟಗಾದೀತೇ?

ಆ ಬೆಳಿಗ್ಗೆ ಹೊಲಿಗೆ ಯಂತ್ರಗಳ ಗದ್ದಲದ ನಡುವೆ ಫೋನು ಬಂತು. ನಂಬರು ಅಪ್ಪನದೇ, ದನಿ ಮಾತ್ರ ಬೇರೆ ಯಾರದೋ.

"ಅಮ್ಮಾ, ನಿಮ್ಮ ತಂದೆ ನಮ್ಮ ಸಲೂನಲ್ಲಿ ಬಿದ್ದುಬಿಟ್ಟಿದ್ದಾರೆ. ಮಾತು ತೊದಲ್ತಿದೆ. ಬೇಗ ಬನ್ನಿ."

ಹಳೇ ಗಾಯದ ಮೇಲೆ ಬರೆ ಎಳೆದಂತಾಯಿತು. "ಬಿದ್ದಿರ್ಲಿ ಬಿಡಿ. ಇಳಿದ ಮೇಲೆ ತಾನೇ ಎದ್ದು ಬರ್ತಾರೆ" ಎಂದು ಫೋನು ಇಟ್ಟಳು. ಮತ್ತೆ ಮತ್ತೆ ಹೊಡೆದುಕೊಂಡರೂ ಎತ್ತಲಿಲ್ಲ.

ಊಟದ ಹೊತ್ತಿಗೆ ಅವಳ ಮುಖ ನೋಡಿ, ಪಕ್ಕದ ಯಂತ್ರದ ಹೆಂಗಸು ಏನಾಯಿತೆಂದು ಕೇಳಿದಳು.

"ನಮ್ಮಪ್ಪ ಬೆಳಿಗ್ಗೆ ಬೆಳಿಗ್ಗೇನೇ ಸಲೂನಿಗೆ ಹೋಗಿದ್ದಾರೆ ಕಣಕ್ಕ."

"ಅದಕ್ಯಾಕೆ ಮುಖ ಊದಿಸ್ಕೊಂಡಿದೀಯ? ವಯಸ್ಸಾದೋರು ಗಡ್ಡ ಮಾಡಿಸ್ಕೋಬಾರ್ದಾ?"

"ಗಡ್ಡಾನಾ?"

"ಮತ್ತಿನ್ನೇನು, ಸಲೂನಲ್ಲಿ ಹಲ್ಲು ಕೀಳ್ತಾರಾ?" ಎಂದು ಆಕೆ ನಕ್ಕಳು.

ಅವಳು ಬುತ್ತಿ ಅಲ್ಲೇ ಬಿಟ್ಟು, ಅಪ್ಪನ ನಂಬರಿಗೆ ಫೋನು ಮಾಡುತ್ತಲೇ ಓಡಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕ್ಷೌರಿಕ ಹೆಗಲ ಟವೆಲ್ಲನ್ನೂ ತೆಗೆಯದೆ ಕೂತಿದ್ದ. "ಅರ್ಧ ಗಡ್ಡ ಆಗಿತ್ತು, ಕುರ್ಚಿಯಿಂದ ಜಾರಿಬಿಟ್ರು. ನಾನೊಬ್ನೇ ಇದ್ದೆ, ಎತ್ತೋಕಾಗ್ಲಿಲ್ಲ. ನೀವು ಬರ್ತೀರೇನೋ ಅಂತ ಕಾದೆ. ಕೊನೆಗೆ ಗಿರಾಕಿಯೊಬ್ರು ಬಂದ್ರು, ಇಬ್ರೂ ಸೇರಿ ಆಟೋಗೆ ಹಾಕ್ಕೊಂಡು ತಂದ್ವಿ" ಎಂದ. ದೂರುವ ದನಿಯಲ್ಲ ಅದು. ಅದಕ್ಕೇ ಅವಳಿಗೆ ಇನ್ನಷ್ಟು ಕಷ್ಟವಾಯಿತು.

ಪಾರ್ಶ್ವವಾಯು ಎಂದರು ಡಾಕ್ಟರು. ಬೇಗ ತಂದಿದ್ದರೆ ಏನಾದರೂ ಮಾಡಬಹುದಿತ್ತಂತೆ. ಬಲಗಡೆಯೆಲ್ಲ ಹೋಗಿತ್ತು, ಮಾತೂ ಹೋಗಿತ್ತು. ಕಿವಿ ಮಾತ್ರ ನೆಟ್ಟಗೆ ಕೇಳುತ್ತಿತ್ತು.

ಅವಳು ಅಪ್ಪನ ಎಡಗೈ ಹಿಡಿದುಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು. "ಕುಡಿದು ಬಿದ್ದಿದ್ದೀಯ ಅಂದ್ಕೊಂಡೆ ಕಣಪ್ಪಾ. ಅದಕ್ಕೇ ಬರಲಿಲ್ಲ."

ಅಪ್ಪ ಅವಳನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ಎಳೆದುಕೊಂಡ.

ಮನೆಗೆ ಬಂದ ಮೇಲೆ ಅಳಿಯ ತಿನ್ನಿಸಿದರೆ ಅಪ್ಪ ಅವನ ಮುಖ ನೋಡುತ್ತಲೇ ತಿನ್ನುತ್ತಿದ್ದ. ಮಗಳು ಚಮಚ ಹಿಡಿದು ಕೂತರೂ ಬಾಯಿ ತೆರೆಯುತ್ತಿದ್ದ, ಬೇಡವೆಂದದ್ದಿಲ್ಲ. ಆದರೆ ಕಣ್ಣು ಮಾತ್ರ ಗೋಡೆಯ ಕಡೆಗಿರುತ್ತಿತ್ತು.