ತುಪ್ಪಕ್ಕೆ ಹೊತ್ತು ಗೊತ್ತಾದದ್ದು

ನನ್ನ ಹೆಂಡತಿ ಶಿವಕಾಂತಾ ಲಿಂಗೈಕ್ಯಳಾಗಿ ನಾಲ್ಕು ತಿಂಗಳಾಗಿತ್ತು. ಅವಳು ಕಾಸಿಟ್ಟ ಕೊನೆಯ ತುಪ್ಪ ಒಂದು ಬರಣಿಯಲ್ಲಿ ಉಳಿದಿತ್ತು. ಮನೆಯಿಂದ ಕೆಲಸಕ್ಕೆ ಹೊರಟ ಯಾರನ್ನೂ ಅವಳು ಬಿಸಿ ರೊಟ್ಟಿಯ ಮೇಲೆ ಎರಡು ಚಮಚ ತುಪ್ಪ ಹಾಕದೆ ಕಳಿಸಿದವಳಲ್ಲ. ಈಗ ಆ ಕೆಲಸ ನನ್ನದು.

ಮೊಮ್ಮಗಳು ಶಾಂಭವಿ ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುತ್ತಿದ್ದಳು. ಹೋದ ಸಲ ಸ್ವಲ್ಪದರಲ್ಲಿ ತಪ್ಪಿತ್ತು. ವಯಸ್ಸಿನ ಲೆಕ್ಕದಲ್ಲಿ ಇದೇ ಕಡೆಯ ಅವಕಾಶ. ನಾನು ನಾಲ್ಕಕ್ಕೇ ಎದ್ದು ರೊಟ್ಟಿ ಬಡಿದು, ಲಿಂಗಪೂಜೆ ಮಾಡಿ, ತುಪ್ಪ ಸುರಿದು ಎಡೆ ತೋರಿಸಿ, ಆ ಪ್ರಸಾದವನ್ನು ಉಣ್ಣಿಸಿಯೇ ಅವಳನ್ನು ಆಳಂದದ ಮೈದಾನಕ್ಕೆ ಕಳಿಸುತ್ತಿದ್ದೆ.

"ಅಜ್ಜಾ, ಇದು ರೊಟ್ಟಿನೋ, ತಾಲೂಕಿನ ನಕಾಶೆನೋ?" ಎಂದು ನಗುತ್ತಾ ಹೋಗುವವಳು, ಬರುವಾಗ ಪಕ್ಕೆ ಹಿಡಿದುಕೊಂಡೇ ಬರುತ್ತಿದ್ದಳು.

ಒಂದು ದಿನ ಓಟ ಕಲಿಸುವ ಮಸೂದ ಮನೆಗೇ ಬಂದ. ಸೈನ್ಯದಲ್ಲಿದ್ದು ನಿವೃತ್ತನಾದವನು.

"ಅಜ್ಜಾರ, ನೀವು ಹುಡುಗೀನ ಓಡಾಕ ಕಳಸ್ತೀರೋ, ಕುಸ್ತಿಗೆ ಕಳಸ್ತೀರೋ?"

"ಯಾಕಪಾ, ನಮ್ಮ ಮನಿ ತುಪ್ಪ ಕೆಟ್ಟದ್ದೇನು?"

"ತುಪ್ಪ ಚಲೋನೇ ಅದರಿ, ಹೊತ್ತು ಚಲೋ ಇಲ್ಲ. ಜಿಡ್ಡು ಹೊಟ್ಯಾಗ ಲಗೂನ ಕರಗಂಗಿಲ್ಲ. ಓಡೋ ಮುಂದ ಒಂದು ಬಾಳೆಹಣ್ಣು ಸಾಕು. ಓಡಿ ಬಂದು ದಮ್ಮು ತಣ್ಣಗಾದ ಮ್ಯಾಲ ಬೇಕಾದಷ್ಟು ತುಪ್ಪ ಉಣಸ್ರಿ."

ಅವನು ಹೋದ ಮೇಲೆ ನಾನು ಶಾಂಭವಿಗೆ ಹೇಳಿದೆ: "ನಿಮ್ಮ ಆಯಿ ಕೈಲೆ ಕಾಸಿದ ತುಪ್ಪ ಅದು. ಪ್ರಸಾದ ಬಿಟ್ಟು ಹೊಸ್ತಿಲ ದಾಟಬ್ಯಾಡ."

"ನಿನ್ನ ದೇವರು ಕೊರಳಾಗೇ ಅದಾನಲ್ಲ ಅಜ್ಜಾ. ಅವನ್ನ ಕರಕೊಂಡು ಮೈದಾನಕ್ಕ ಬಾ. ಅವಗೂ ಜರಾ ಹವಾ ಬಡೀಲಿ."

ಎರಡು ದಿನ ಮುನಿಸಿಕೊಂಡೆ. ಮೂರನೆಯ ದಿನ ವಿಭೂತಿ, ನೀರಿನ ಗಿಂಡಿ, ರೊಟ್ಟಿಯ ಡಬ್ಬಿ ಹಿಡಿದು ಮೈದಾನದ ಬೇವಿನ ಕೆಳಗೆ ಹೋಗಿ ಕೂತೆ. ಅವಳು ಮನೆಯಲ್ಲೇ ತನ್ನ ಚಿಕ್ಕ ಪೂಜೆ ಮುಗಿಸಿ ಬಾಳೆಹಣ್ಣು ತಿಂದು ಬಂದಿದ್ದಳು. ಅಂಗೈಯಲ್ಲಿ ಲಿಂಗ, ಕಣ್ಣು ಮಾತ್ರ ಅವಳ ಕಾಲ ಮೇಲೆ. ಶಿವ ಮನ್ನಿಸಲಿ. ಅವಳು ಅಂದು ಪಕ್ಕೆ ಹಿಡಿದುಕೊಳ್ಳಲಿಲ್ಲ. ಅಂದಿನಿಂದ ಪ್ರಸಾದ ಓಟದ ನಂತರವೇ.

"ನೋಡ್ರಿ, ದೇವರೂ ಟೈಮಿಗೆ ಸರಿಯಾಗಿ ಬರಾಕತ್ತಾನ," ಎಂದು ಮಸೂದ ಕೀಟಲೆ ಮಾಡುತ್ತಿದ್ದ.

ಪರೀಕ್ಷೆಯ ದಿನ ಬೆಳಿಗ್ಗೆ ಬರಣಿಯ ತಳ ಕೆರೆದರೆ ಒಂದೇ ಚಮಚ ಬಂತು. ಇಂಥ ದಿನ ಶಿವಕಾಂತಾ ಇದ್ದಿದ್ದರೆ ಈಗಲೇ ಉಣ್ಣಿಸುತ್ತಿದ್ದಳು. ಚಮಚ ಹಿಡಿದು ಸುಮಾರು ಹೊತ್ತು ನಿಂತೆ. ಕಡೆಗೆ ರೊಟ್ಟಿಗೆ ಸವರಿ ಡಬ್ಬಿ ಮುಚ್ಚಿ, ಶಾಂಭವಿಯ ಕೈಗೆ ಬಾಳೆಹಣ್ಣು ಕೊಟ್ಟೆ.

ಕಲಬುರಗಿಯ ಮೈದಾನದ ಗೇಟಿನ ಹೊರಗೆ ಪೂಜೆ ಮುಗಿಸಿ ಕಾದೆ. ಬಿಸಿಲೇರಿದ ಮೇಲೆ ಅವಳು ಬಂದಳು. ಮುಖ ನೋಡಿದರೆ ಏನೂ ತಿಳಿಯದು.

"ಏನಾತು ಬೇ?"

"ಮೊದಲು ಡಬ್ಬಿ ತಾ. ಪಾಸಾದವರಿಗೆ ಹಸಿವಿ ಭಾಳ ಆಗತದ."

ಡಬ್ಬಿ ತೆರೆದು ಹುಬ್ಬೇರಿಸಿದಳು. "ಆಯಿ ಎರಡು ಚಮಚ ಹಾಕತಿದ್ಲು. ನೀ ಭಾರಿ ಜಿಪುಣ ಅದಿ."

"ಬರಣಿ ಖಾಲಿ ಆತವ್ವಾ."

ಅವಳ ನಗು ನಿಂತಿತು. ರೊಟ್ಟಿಯನ್ನು ಎರಡು ಮಾಡಿ, ತುಪ್ಪ ಹೆಚ್ಚಾಗಿದ್ದ ಅರ್ಧವನ್ನು ನನ್ನ ಕೈಗಿಟ್ಟಳು.

"ನಾ ಎಲ್ಲಿ ಓಡೇನಿ?" ಎಂದೆ.

"ಗೇಟಿನ ಮುಂದ ಅತ್ತಿಂದಿತ್ತ ಎಷ್ಟು ಸುತ್ತು ಹಾಕಿದಿ ಅಂತ ವಾಚ್‌ಮನ್ ಹೇಳ್ಯಾನ. ಉಣ್ಣು."

ಉಂಡೆ.